ನ್ಯೂಟ್ರಾನ್ ನಕ್ಷತ್ರದ ಒಳಗೇನಿದೆ ಅಂತ ಕೇಳುತ್ತಾ ಬೆಂಗಳೂರು ಸುತ್ತಿದ್ದು

ಭಾನುವಾರ

ಪುಟ್ಟಿ ನನ್ನ ಅಕ್ಕನ ಮಗಳು. ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್. ಪಿಎಚ್.ಡಿ. ಮಾಡಿದರೆ ನ್ಯೂಟ್ರಾನ್ ನಕ್ಷತ್ರಗಳ ಮೇಲೇ ಮಾಡುವುದು ಅಂತ ಪಟ್ಟು ಹಿಡಿದಿದ್ದಾಳೆ. ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಹಾಗಾಗಿ ಪ್ರಶ್ನೆ ನನ್ನ ಹತ್ತಿರವೇ ಬಂತು. "ಚಿಕ್ಕಿ, ಇದರಲ್ಲಿ ಮುಂದಿನ ಹತ್ತು ವರ್ಷಕ್ಕೆ ಮಾಡುವಂಥ ಕೆಲಸ ಯಾವುದು? ಯಾರ ಜೊತೆ ಸೇರಿಕೊಂಡು ಮಾಡಬೇಕು?" ಇಂಥದ್ದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಕೆಲಸ ಮಾಡುತ್ತಿರುವವರನ್ನೇ ಹೋಗಿ ಕೇಳಬೇಕು. ಅಂಥವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ಪತ್ರ ಬರೆದು ಅನುಮತಿ ಪಡೆದು, ಇಬ್ಬರೂ ರೈಲು ಹತ್ತಿದೆವು.

ದಾರಿಯುದ್ದಕ್ಕೂ ಅದೇ ಮಾತು. ಭಾರಿ ನಕ್ಷತ್ರವೊಂದು ಇಂಧನ ಮುಗಿದು ಕುಸಿದಾಗ ಉಳಿಯುವ ತಿರುಳೇ ನ್ಯೂಟ್ರಾನ್ ನಕ್ಷತ್ರ. ತೂಕ ಸೂರ್ಯನಿಗಿಂತ ಜಾಸ್ತಿ, ಸಾಮಾನ್ಯವಾಗಿ ಅದರ 1.4ರಷ್ಟು. ಅಗಲ ಮಾತ್ರ ಜಕ್ಕೂರಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಅಷ್ಟೇ. ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದದ್ದು 1932ರಲ್ಲಿ. ಎರಡೇ ವರ್ಷಕ್ಕೆ ಬಾಡೆ ಮತ್ತು ಜ್ವಿಕಿ ಇಂಥ ನಕ್ಷತ್ರ ಇರಬಹುದು ಅಂದರು. 1967ರಲ್ಲಿ ಜೋಸೆಲಿನ್ ಬೆಲ್ ಮೊದಲ ಪಲ್ಸಾರ್ ಕಂಡರು. ಪಲ್ಸಾರ್ ಅಂದರೆ ಸುತ್ತುತ್ತಾ ನಮ್ಮ ಕಡೆಗೆ ಒಂದೇ ತಾಳದಲ್ಲಿ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ. ಹೀಗೆ ಇದೆ ಅನ್ನುವುದು ಗೊತ್ತಾಗಿ ಅರ್ಧ ಶತಮಾನ ಕಳೆದಿದೆ. ಒಳಗೆ ಏನಿದೆ ಅನ್ನುವುದು ಇವತ್ತಿಗೂ ಗೊತ್ತಿಲ್ಲ.

ಮೇಲೆ ಗಟ್ಟಿ ಪದರ, ಅದರ ಕೆಳಗೆ ಘರ್ಷಣೆಯೇ ಇಲ್ಲದೆ ಹರಿಯುವ ನ್ಯೂಟ್ರಾನ್ ದ್ರವ. ಅಲ್ಲಿಯವರೆಗೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. ನಡುಭಾಗದಲ್ಲಿ ನ್ಯೂಟ್ರಾನ್‌ಗಳೇ ಇವೆಯೋ, ಹೈಪರಾನ್ ಅನ್ನುವ ಬೇರೆ ಕಣಗಳಿವೆಯೋ, ಎಲ್ಲಾ ಕರಗಿ, ನ್ಯೂಟ್ರಾನ್ ಒಳಗಿನ ಇನ್ನೂ ಸಣ್ಣ ಕಣಗಳಾದ ಕ್ವಾರ್ಕ್‌ಗಳಾಗಿವೆಯೋ? ಎಷ್ಟು ಹಿಂಡಿದರೆ ಎಷ್ಟು ಒತ್ತಡ ತಿರುಗಿ ಬರುತ್ತದೆ ಅನ್ನುವ ಲೆಕ್ಕಕ್ಕೆ ಸ್ಥಿತಿ ಸಮೀಕರಣ ಅನ್ನುತ್ತಾರೆ. ಆ ಒಂದು ಸಮೀಕರಣ ಕೈಗೆ ಸಿಕ್ಕರೆ ಉಳಿದದ್ದೆಲ್ಲಾ ಅದರ ಹಿಂದೆ ಬರುತ್ತದೆ.

ಯಶವಂತಪುರದಲ್ಲಿ ಇಳಿದು ಮಲ್ಲೇಶ್ವರದ ಚಿಕ್ಕಪ್ಪನ ಮನೆಗೆ ಹೋದೆವು.

ಸೋಮವಾರ

ಮೇಖ್ರಿ ಸರ್ಕಲ್‌ನ ಗದ್ದಲದಿಂದ ಸ್ವಲ್ಪವೇ ದೂರ ರಾಮನ್ ಸಂಶೋಧನಾ ಸಂಸ್ಥೆ. ಗೇಟಿನ ಒಳಗೆ ಕಾಲಿಟ್ಟರೆ ಬರೀ ಮರಗಳು. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಜಾಗ. 1970ರಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರ ಆದದ್ದೂ ಇದೇ ತೋಟದಲ್ಲಿ. ಆ ಜಾಗದಲ್ಲಿ ಒಂದು ಮರ ನೆಟ್ಟಿದ್ದಾರೆ.

ಪಲ್ಸಾರ್ ಓದುವವರಿಗೆ ಈ ಸಂಸ್ಥೆ ಅಂದರೆ ರಾಮನ್ ಅವರ ಮಗ ವಿ. ರಾಧಾಕೃಷ್ಣನ್. 1969ರಲ್ಲಿ ಅವರು ಆಸ್ಟ್ರೇಲಿಯಾದಲ್ಲಿದ್ದಾಗ ರಿಚರ್ಡ್ ಮ್ಯಾಂಚೆಸ್ಟರ್ ಅನ್ನುವ ವಿಜ್ಞಾನಿಯ ಜೊತೆ ವೀಲಾ ಪಲ್ಸಾರ್ ನೋಡುತ್ತಿದ್ದರು. ಅದು ಸುತ್ತುವುದು ಸೆಕೆಂಡಿಗೆ 11 ಸಲ. ನಿಧಾನವಾಗುತ್ತಾ ಹೋಗಬೇಕಾದ ಆ ನಕ್ಷತ್ರ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿಕೊಂಡಿತು. ಹೆಚ್ಚಿದ್ದು ಹತ್ತು ಲಕ್ಷದಲ್ಲಿ ಎರಡು ಪಾಲು ಮಾತ್ರ. ಆದರೆ ಅಷ್ಟು ಸಾಕಿತ್ತು. ಇದಕ್ಕೆ ಗ್ಲಿಚ್ ಅನ್ನುತ್ತಾರೆ. ಒಳಗಿನ ದ್ರವ ತನ್ನ ಪಾಡಿಗೆ ವೇಗವಾಗಿ ಸುತ್ತುತ್ತಾ ಇದ್ದು, ಒಮ್ಮೆಲೇ ಆ ವೇಗವನ್ನು ಮೇಲಿನ ಗಟ್ಟಿ ಪದರಕ್ಕೆ ದಾಟಿಸುತ್ತದೆ ಅನ್ನುವುದು ಇವತ್ತು ಹೆಚ್ಚಿನವರು ಒಪ್ಪುವ ವಿವರಣೆ. ನಕ್ಷತ್ರದ ಒಳಗು ಹೊರಗಿನವರಿಗೆ ಸುಳಿವು ಕೊಡುವ ಅಪರೂಪದ ಹೊತ್ತು ಅದು.

1982ರ ಕಥೆ ನನಗೆ ಇನ್ನೂ ಇಷ್ಟ. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ ಆಗ ಅಮೆರಿಕದಲ್ಲಿ ಸಂಶೋಧನಾ ವಿದ್ಯಾರ್ಥಿ. ಡೊನಾಲ್ಡ್ ಬ್ಯಾಕರ್ ಮತ್ತು ಇತರರ ಜೊತೆ ಸೇರಿ ಸೆಕೆಂಡಿಗೆ 642 ಸಲ ಸುತ್ತುವ ಪಲ್ಸಾರ್ ಕಂಡುಹಿಡಿದರು. ಅಂಥದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಅದೇ ವರ್ಷ ಇಲ್ಲಿ, ಈ ಕಟ್ಟಡಗಳಲ್ಲಿ ಕೂತು ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ವಿವರಣೆ ಕೊಟ್ಟರು: ಇದು ಮುದಿ ಪಲ್ಸಾರ್, ಜೊತೆಗಾರ ನಕ್ಷತ್ರದಿಂದ ದ್ರವ್ಯ ಎಳೆದುಕೊಂಡು ಮತ್ತೆ ವೇಗ ಪಡೆದಿದೆ. ಪ್ರಬಂಧ ಅಚ್ಚಾದದ್ದು ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ದ್ರವ್ಯ ಎಳೆದುಕೊಳ್ಳುತ್ತಲೇ ಸೆಕೆಂಡಿಗೆ 401 ಸಲ ಸುತ್ತುವ ನಕ್ಷತ್ರ 1998ರಲ್ಲಿ ಎಕ್ಸ್‌ರೇ ಬೆಳಕಲ್ಲಿ ಕಂಡಾಗ ಆ ಮಾತಿಗೆ ಗಟ್ಟಿ ಸಾಕ್ಷಿ ಸಿಕ್ಕಿತು.

ಈಗಿನ ಕೆಲಸ ಏನು ಅಂತ ಕೇಳಿದೆವು. ಮಾತಾಡಿದ ಮೇಡಂ ನಮ್ಮನ್ನು ಸೀದಾ ಲ್ಯಾಬಿಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ಒಂದು ಲೋಹದ ಪೆಟ್ಟಿಗೆ. ಒಳಗೆ ಕೂದಲಿಗಿಂತ ತೆಳ್ಳನೆಯ ತಂತಿಗಳನ್ನು ಸಾಲಾಗಿ ಬಿಗಿದಿದ್ದರು. ಪೆಟ್ಟಿಗೆಗೆ ಅನಿಲ ತುಂಬುತ್ತಾರೆ. ಎಕ್ಸ್‌ರೇ ಒಳಗೆ ಬಂದರೆ ಅನಿಲದಿಂದ ಎಲೆಕ್ಟ್ರಾನ್‌ಗಳು ಕಳಚಿ, ತಂತಿಯಲ್ಲಿ ಸಣ್ಣ ಮಿಡಿತ ಏಳುತ್ತದೆ. ಪುಟ್ಟಿ ಬಗ್ಗಿ ಒಂದೊಂದೇ ತಂತಿ ನೋಡಿದಳು. 2024ರ ಜನವರಿ 1ರಂದು ಇಸ್ರೋ ಹಾರಿಸಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣ ಇದೇ ಸಂಸ್ಥೆಯಲ್ಲಿ ತಯಾರಾದದ್ದು. ಅದರಲ್ಲೂ ಇಂಥ ಡಿಟೆಕ್ಟರ್‌ಗಳೇ ಇವೆ. ನಡುವೆ ಹಗುರ ವಸ್ತುವಿನ ತುಂಡು, ಸುತ್ತ ನಾಲ್ಕು ಡಿಟೆಕ್ಟರ್. ನಡುವಿನ ತುಂಡಿಗೆ ಬಡಿದ ಎಕ್ಸ್‌ರೇ ಯಾವ ಕಡೆಗೆ ಜಾಸ್ತಿ ಚದುರುತ್ತದೆ ಅನ್ನುವುದರಿಂದ, ಬರುವಾಗ ಅದರ ಅಲೆ ಯಾವ ದಿಕ್ಕಿನಲ್ಲಿ ಅದುರುತ್ತಿತ್ತು ಅಂತ ಹೇಳಬಹುದು. ಆ ದಿಕ್ಕಿನಲ್ಲಿ ನಕ್ಷತ್ರದ ಕಾಂತಕ್ಷೇತ್ರದ ಗುರುತು ಇರುತ್ತದೆ.

ಇಲ್ಲೇ ಒಂದು ದೊಡ್ಡ ತೊಡಕು ಇದೆ. ಹರ್ಕ್ಯುಲಿಸ್ ಎಕ್ಸ್-1 ಅನ್ನುವ ನಕ್ಷತ್ರ ಈ ಕ್ಷೇತ್ರದವರಿಗೆಲ್ಲಾ ಹಳೇ ಪರಿಚಯ. ಅದರ ಕಾಂತಕ್ಷೇತ್ರವನ್ನು 1976ರಷ್ಟು ಹಿಂದೆಯೇ ಅಳೆದಿದ್ದರು. ಅದರ ಎಕ್ಸ್‌ರೇ ಬಹುಪಾಲು ಒಂದೇ ದಿಕ್ಕಿನಲ್ಲಿ ಅದುರಬೇಕು ಅಂತ ಸಿದ್ಧಾಂತ ಹೇಳುತ್ತಿತ್ತು. ನಾಸಾದ ಐಎಕ್ಸ್‌ಪಿಇ ಉಪಗ್ರಹ ನೋಡಿದಾಗ ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಐಎಕ್ಸ್‌ಪಿಇ ನೋಡುವುದು 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್‌ರೇಗಳನ್ನು. ಪೋಲಿಕ್ಸ್ 8ರಿಂದ 30. ಒಂದು ಬಿಟ್ಟ ಕಡೆಯಿಂದ ಇನ್ನೊಂದು ಶುರು. "ಎರಡನ್ನೂ ಒಟ್ಟಿಗಿಟ್ಟು ನೋಡುವ ಹುಡುಗರು ಬೇಕು" ಅಂದರು ಮೇಡಂ. ಪುಟ್ಟಿ ನನ್ನ ಮುಖ ನೋಡಿದಳು.

ಮಂಗಳವಾರ

ಚಿಕ್ಕಪ್ಪನ ಮಗ ಕಾರು ತೆಗೆದ. "ಅಕ್ಕ, ಬೇಗ ಹೊರಟರೆ ಟ್ರಾಫಿಕ್ ತಪ್ಪುತ್ತೆ" ಅಂದ. ಆರಕ್ಕೇ ಹೊರಟೆವು. ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗದ ಬೆಟ್ಟ, ಆಮೇಲೆ ಗೌರಿಬಿದನೂರು. ದೊಡ್ಡಬಳ್ಳಾಪುರ ದಾಟಿದ ಮೇಲೆ ತಟ್ಟೆ ಇಡ್ಲಿ ತಿಂದದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ.

ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ನೋಡಿದರೆ ಇದು ಟೆಲಿಸ್ಕೋಪ್ ಅಂತ ಯಾರೂ ಹೇಳುವುದಿಲ್ಲ. ತಟ್ಟೆ ಆಕಾರದ್ದು ಏನೂ ಕಾಣಿಸುವುದಿಲ್ಲ. ಬಯಲಿನಲ್ಲಿ ಸಾಲು ಸಾಲು ಕಂಬ, ಕಂಬದ ಮೇಲೆ ತಂತಿ. 1976ರಲ್ಲಿ ಇಲ್ಲಿ ಟಿ ಆಕಾರದಲ್ಲಿ ಡೈಪೋಲ್ ಅನ್ನುವ 1000 ಸರಳ ತಂತಿ ಆಂಟೆನಾ ಜೋಡಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಲು ಶುರು ಮಾಡಿದರು. ಪೂರ್ವ ಪಶ್ಚಿಮದ ಸಾಲೇ 1.4 ಕಿಲೋಮೀಟರ್ ಉದ್ದ. ಸುತ್ತ ಬೆಟ್ಟಗಳಿರುವುದರಿಂದ ಊರಿನ ರೇಡಿಯೋ ಗಲಾಟೆ ಸ್ವಲ್ಪ ತಡೆಯುತ್ತದೆ. ಸೂರ್ಯನನ್ನು ನೋಡುವ ಆಂಟೆನಾಗಳೂ ಇಲ್ಲಿವೆ. ಅಲ್ಲಿದ್ದ ಹಿರಿಯ ತಂತ್ರಜ್ಞರೊಬ್ಬರು ಒಂದು ಡೈಪೋಲ್‌ನ ಬುಡಕ್ಕೆ ಕರೆದುಕೊಂಡು ಹೋಗಿ, ನೆಲದೊಳಗೆ ಇಳಿಯುವ ಕೇಬಲ್ ತೋರಿಸಿದರು. "ಇದನ್ನ ಇಲಿ, ಗೆದ್ದಲಿನಿಂದ ಕಾಪಾಡೋದೇ ದೊಡ್ಡ ಕೆಲಸ ಅಮ್ಮ. ಒಂದು ಜಾಯಿಂಟ್ ಹೋದ್ರೆ ಇಡೀ ಸಾಲಿನ ಲೆಕ್ಕ ತಪ್ಪುತ್ತೆ." ವಿಜ್ಞಾನದ ವರದಿಗಳಲ್ಲಿ ಇಂಥ ಕೆಲಸಕ್ಕೆ ಒಂದು ಸಾಲೂ ಸಿಗುವುದಿಲ್ಲ. ಸಿಗಬೇಕು.

ಇಷ್ಟು ಕಡಿಮೆ ಆವರ್ತನದಲ್ಲಿ ನೋಡುವುದು ಯಾಕೆ? ನಕ್ಷತ್ರಗಳ ನಡುವೆ ಖಾಲಿ ಜಾಗ ಅನ್ನುತ್ತೇವೆ. ಅಲ್ಲಿ ಎಲೆಕ್ಟ್ರಾನ್‌ಗಳಿವೆ. ಅವು ರೇಡಿಯೋ ಅಲೆಯನ್ನು ತಡ ಮಾಡಿಸುತ್ತವೆ. ಆವರ್ತನ ಕಡಿಮೆಯಾದಷ್ಟೂ ತಡ ಜಾಸ್ತಿ. ಬಿ0950+08 ಅನ್ನುವ ಹತ್ತಿರದ ಪಲ್ಸಾರ್‌ನ ಮಿಡಿತ ಕೂಡ 34.5 ಮೆಗಾಹರ್ಟ್ಸ್‌ನಲ್ಲಿ ಹತ್ತು ಸೆಕೆಂಡಿಗಿಂತ ಜಾಸ್ತಿ ತಡವಾಗಿ ತಲುಪುತ್ತದೆ. ತಡ ದೊಡ್ಡದಾದ್ದರಿಂದಲೇ ಅದನ್ನು ಚೆನ್ನಾಗಿ ಅಳೆಯಬಹುದು. ಅಳೆದರೆ ತೆಗೆದುಹಾಕಬಹುದು.

ಇದು ಎಷ್ಟು ಮುಖ್ಯ ಅನ್ನುವುದು 2023ರ ಜೂನ್‌ನಲ್ಲಿ ಗೊತ್ತಾಯಿತು. ಯುರೋಪಿನ ತಂಡ ಮತ್ತು ನಮ್ಮ ಇನ್‌ಪಿಟಿಎ ತಂಡ ಸೇರಿ 25 ಪಲ್ಸಾರ್‌ಗಳ ಮಿಡಿತವನ್ನು ವರ್ಷಗಟ್ಟಲೆ ಲೆಕ್ಕ ಹಾಕಿ, ಇಡೀ ವಿಶ್ವದಲ್ಲಿ ನಿಧಾನವಾಗಿ ಏಳುವ ಗುರುತ್ವ ಅಲೆಗಳ ಗುರುತು ಸಿಕ್ಕಿದೆ ಅಂದರು. ಭಾರಿ ಕಾಯಗಳು ಒಂದನ್ನೊಂದು ಸುತ್ತುವಾಗ ದೇಶಕಾಲದಲ್ಲೇ ಏಳುವ ಅದುರು ಈ ಗುರುತ್ವ ಅಲೆ. ಅಮೆರಿಕ, ಆಸ್ಟ್ರೇಲಿಯಾ, ಚೀನಾ ತಂಡಗಳೂ ಅದೇ ಹೊತ್ತಿಗೆ ತಮ್ಮ ಫಲಿತಾಂಶ ಕೊಟ್ಟವು. ಇನ್‌ಪಿಟಿಎ ಭಾರತ ಮತ್ತು ಜಪಾನಿನ ಸಂಶೋಧಕರ ತಂಡ. ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪಿನ 30 ಆಂಟೆನಾಗಳೇ ಅವರ ಆಧಾರ. ಬೇರೆ ತಂಡಗಳು ಹೆಚ್ಚಾಗಿ ಮೇಲಿನ ಆವರ್ತನದಲ್ಲಿ ನೋಡುತ್ತವೆ. ನಮ್ಮವರ ಬಲ ಕೆಳಗಿನ ಆವರ್ತನ. ಎಲೆಕ್ಟ್ರಾನ್‌ಗಳಿಂದಾಗುವ ತಡವನ್ನು ಚೊಕ್ಕವಾಗಿ ಹೇಳುವುದು ಅವರೇ. ಸಹಯೋಗ ಅಂದರೆ ನನಗೆ ಇದು. ಬೇರೆಯವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇರಬೇಕು, ಅದನ್ನು ತಂದು ಮಧ್ಯದಲ್ಲಿಡಬೇಕು.

ವಾಪಸ್ ಬರುವಾಗ ಪುಟ್ಟಿ ಜೋಡಿ ಪಲ್ಸಾರ್ ಬಗ್ಗೆ ಹೇಳುತ್ತಾ ಬಂದಳು. 2003ರಲ್ಲಿ ಸಿಕ್ಕಿದ ಜೆ0737-3039. ಎರಡು ನ್ಯೂಟ್ರಾನ್ ನಕ್ಷತ್ರ, ಎರಡೂ ಪಲ್ಸಾರ್ ಆಗಿ ಕಂಡವು. ಒಂದನ್ನೊಂದು ಸುತ್ತಲು ಎರಡೂವರೆ ಗಂಟೆಯೂ ಬೇಡ. ಈ ಸುತ್ತಾಟವನ್ನು ಇನ್ನೂ ಕೆಲವು ವರ್ಷ ಬಿಡದೆ ಅಳೆದರೆ, ನಕ್ಷತ್ರದ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ಅದರ ಸುತ್ತು ಬದಲಿಸುವುದು ಎಷ್ಟು ಕಷ್ಟ ಅನ್ನುವ ಅಳತೆ, ಹೇಳಬಹುದು. ತೂಕ ಈಗಾಗಲೇ ಬಹಳ ನಿಖರವಾಗಿ ಗೊತ್ತು. ಇದೂ ಸಿಕ್ಕರೆ ದ್ರವ್ಯ ಒಳಗೆ ಹೇಗೆ ಹಂಚಿಕೊಂಡಿದೆ ಅನ್ನುವುದು ಹಿಡಿತಕ್ಕೆ ಬರುತ್ತದೆ. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಏಳುತ್ತಿರುವ ಎಸ್‌ಕೆಎ ಟೆಲಿಸ್ಕೋಪ್‌ಗೆ ಭಾರತ 1250 ಕೋಟಿ ರೂಪಾಯಿ ಒಪ್ಪಿಕೊಂಡು ಸೇರಿರುವುದಕ್ಕೆ ಇಂಥ ಕೆಲಸಗಳೂ ಕಾರಣ.

ಬುಧವಾರ

ಹೆಸರಘಟ್ಟದ ಕಡೆ ಶಿವಕೋಟೆಯಲ್ಲಿ ಐಸಿಟಿಎಸ್, ಸಿದ್ಧಾಂತದ ಸಂಶೋಧನೆಗೆ ಇರುವ ಕೇಂದ್ರ. ಇಲ್ಲಿ ಉಪಕರಣ ಏನೂ ಇಲ್ಲ. ಕರಿಹಲಗೆ, ಕಂಪ್ಯೂಟರ್, ಕಾಫಿ. ಗೋಡೆ ತುಂಬಾ ಸಮೀಕರಣ. ನಮ್ಮ ಜೊತೆ ಕೂತವರು ಧಾರವಾಡ ಕಡೆಯ ಯುವ ಸಂಶೋಧಕರು. "ಬರ್ರಿ ಮೇಡಂ, ಕೂಡ್ರಿ" ಅಂತ ಶುರು ಮಾಡಿ ಮಧ್ಯಾಹ್ನದವರೆಗೆ ಬಿಡಲಿಲ್ಲ.

2017ರ ಆಗಸ್ಟ್ 17. ಗುರುತ್ವ ಅಲೆ ಹಿಡಿಯುವ ಡಿಟೆಕ್ಟರ್‌ಗಳಾದ ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ, ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯನ್ನು ಕೇಳಿಸಿಕೊಂಡವು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರ. 1.7 ಸೆಕೆಂಡಿನ ನಂತರ ಗಾಮಾ ಕಿರಣ ಬಂತು. ಹನ್ನೊಂದು ಗಂಟೆಯೊಳಗೆ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಬೆಳಕು ಕಂಡಿತು. ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳು ಅಲ್ಲಿ ಹುಟ್ಟುತ್ತವೆ ಅನ್ನುವುದಕ್ಕೆ ಸಾಕ್ಷಿ ಆ ಬೆಳಕು. ಒಂದೇ ಘಟನೆಯನ್ನು ಎಪ್ಪತ್ತರಷ್ಟು ವೀಕ್ಷಣಾಲಯಗಳು ನೋಡಿದವು.

ಸಂಶೋಧಕರು ಹಲಗೆಯ ಮೇಲೆ ಒಂದು ಅಲೆ ಬರೆದರು. ಮೊದಲು ಅಗಲ, ಆಮೇಲೆ ಬಿಗಿಯಾಗುತ್ತಾ, ಕೊನೆಗೆ ಒತ್ತೊತ್ತಾಗಿ. ಬಿಗಿಯಾಗುವ ಜಾಗಕ್ಕೆ ಸೀಮೆಸುಣ್ಣ ಕುಟ್ಟಿ ಹೇಳಿದರು: "ಇಲ್ಲಿ ಒಂದರ ಸೆಳೆತಕ್ಕೆ ಇನ್ನೊಂದು ಉಬ್ಬತೈತಿ. ಮೆತ್ತಗಿದ್ರ ಜಾಸ್ತಿ ಉಬ್ಬತೈತಿ, ಗಟ್ಟಿ ಇದ್ರ ಕಡಿಮಿ. ಅಲೆ ಅಷ್ಟು ಬ್ಯಾರೆ ಆಗತೈತಿ." ಆ ವ್ಯತ್ಯಾಸದಿಂದಲೇ ನಕ್ಷತ್ರದ ತ್ರಿಜ್ಯ ಸುಮಾರು 13.5 ಕಿಲೋಮೀಟರಿಗಿಂತ ಜಾಸ್ತಿ ಇರುವುದು ಕಷ್ಟ ಅಂತ ಲೆಕ್ಕ ಬಂತು. ಬಾಹ್ಯಾಕಾಶ ನಿಲ್ದಾಣದ ಮೇಲಿರುವ ನೈಸರ್ ಎಕ್ಸ್‌ರೇ ಟೆಲಿಸ್ಕೋಪ್ ಬೇರೆಯೇ ದಾರಿಯಲ್ಲಿ 12ರಿಂದ 13 ಕಿಲೋಮೀಟರ್ ಆಸುಪಾಸು ಹೇಳುತ್ತದೆ. ಅದು ತ್ರಿಜ್ಯ ಅಳೆದ ಜೆ0740+6620 ಅನ್ನುವ ಪಲ್ಸಾರ್‌ನ ತೂಕ ಸೂರ್ಯನ ಎರಡು ಪಟ್ಟಿಗೂ ಸ್ವಲ್ಪ ಮೇಲೆ. ಅಷ್ಟು ತೂಕ ಹೊತ್ತೂ ಕುಸಿದಿಲ್ಲ ಅಂದರೆ ಒಳಗೆ ಏನೋ ಗಟ್ಟಿಯಾಗಿಯೇ ಇದೆ. ಹೈಪರಾನ್ ಬಂದರೆ ಒಳಗು ಮೆತ್ತಗಾಗುತ್ತದೆ. ಹಾಗಾದರೆ ಅವು ಇಲ್ಲವೇ? ಇದ್ದೂ ಒಂದನ್ನೊಂದು ತಳ್ಳುತ್ತವೆಯೇ? ಇನ್ನೂ ಬಗೆಹರಿದಿಲ್ಲ.

ಹಲಗೆಯ ಚಿತ್ರದಲ್ಲಿ ಅಲೆಯ ಕೊನೆ ಖಾಲಿ ಬಿಟ್ಟಿದ್ದರು. ಡಿಕ್ಕಿಯಾದ ಮೇಲೆ ಉಳಿದ ಮುದ್ದೆ ಅದುರುವ ಸದ್ದು 2000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಅಲ್ಲಿ ಈಗಿನ ಡಿಟೆಕ್ಟರ್‌ಗಳ ಕಿವಿ ಮಂದ. ನಕ್ಷತ್ರದ ನಡುಭಾಗದ ಗುಟ್ಟು ಹೆಚ್ಚಾಗಿ ಇರುವುದು ಅಲ್ಲೇ. ಅದಕ್ಕಾಗಿಯೇ ಅಮೆರಿಕದವರು 40 ಕಿಲೋಮೀಟರ್ ತೋಳಿನ ಕಾಸ್ಮಿಕ್ ಎಕ್ಸ್‌ಪ್ಲೋರರ್, ಯುರೋಪಿನವರು ನೆಲದಡಿಯ ಐನ್‌ಸ್ಟೈನ್ ಟೆಲಿಸ್ಕೋಪ್ ಕಟ್ಟಬೇಕು ಅನ್ನುತ್ತಿದ್ದಾರೆ. ನಮ್ಮ ಲೈಗೋ-ಇಂಡಿಯಾಕ್ಕೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 2600 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ. ಜಾಗ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥ. ಉಳಿದವುಗಳಿಂದ ಇಷ್ಟು ದೂರದಲ್ಲಿ ಒಂದು ಡಿಟೆಕ್ಟರ್ ಇದ್ದರೆ, ಡಿಕ್ಕಿ ಆಕಾಶದ ಯಾವ ಮೂಲೆಯಲ್ಲಾಯಿತು ಅಂತ ಬಹಳ ಕರಾರುವಾಕ್ಕಾಗಿ ಹೇಳಬಹುದು. ಇದು ಬೇಗ ಆಗಲಿ ಅನ್ನುವುದು ನನ್ನ ಮನಃಪೂರ್ವಕ ಆಸೆ. ತಡವಾದ ಒಂದೊಂದು ವರ್ಷವೂ ನಮ್ಮ ಮಕ್ಕಳಿಗೆ ನಷ್ಟ.

ಗುರುವಾರ

ಹೊಸಕೋಟೆ. ಭಾರತೀಯ ಖಭೌತ ಸಂಸ್ಥೆಯ ಆವರಣ. ಲಡಾಖ್‌ನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ಇಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಡಿಕ್ಕಿಯ ಬೆಳಕು ನೀಲಿಯಾಗಿ ಒಂದೆರಡು ದಿನ, ಕೆಂಪಾಗಿ ಒಂದು ವಾರ ಇದ್ದು ಆರಿಹೋಗುತ್ತದೆ. ಆಸ್ಟ್ರೇಲಿಯಾದ ಇರುಳಿಗೂ ಯುರೋಪಿನ ಇರುಳಿಗೂ ನಡುವಿನ ಹೊತ್ತಿನಲ್ಲಿ ಕತ್ತಲಿರುವುದು ನಮ್ಮ ಕಡೆ. ಹಾನ್ಲೆಯ ಬೆಲೆ ಅದು. ಮಳೆ ಬಂದದ್ದರಿಂದ ಬೇಗ ಹೊರಟೆವು.

ಶುಕ್ರವಾರ

ಬೆಳಿಗ್ಗೆ ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆ. ನನ್ನ ಎಂ.ಎಸ್ಸಿ. ಗೆಳತಿ ಬಂದಿದ್ದಳು. ಅವಳದು ಪರಮಾಣು ಬೀಜದ ಸಿದ್ಧಾಂತ. ನಾವು ಟೆಲಿಸ್ಕೋಪ್ ಕಥೆಗಳನ್ನೆಲ್ಲಾ ಹೇಳಿದ ಮೇಲೆ, "ಸೀಸ ಮರೆತಿರಲ್ಲ" ಅಂದಳು.

ಸೀಸದ ಬೀಜದಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಜಾಸ್ತಿಯಿರುವ ನ್ಯೂಟ್ರಾನ್‌ಗಳು ಹೊರಗೆ ತೆಳುವಾದ ಪದರ ಆಗಿ ಕೂರುತ್ತವೆ. ಆ ಪದರವನ್ನು ಹೊರಕ್ಕೆ ತಳ್ಳುವ ಒತ್ತಡವೇ ನ್ಯೂಟ್ರಾನ್ ನಕ್ಷತ್ರವನ್ನೂ ಹಿಡಿದು ನಿಲ್ಲಿಸಿರುವುದು. ಅಮೆರಿಕದ ಜೆಫರ್ಸನ್ ಲ್ಯಾಬ್ 2021ರಲ್ಲಿ ಅದನ್ನು ಅಳೆದು 0.28 ಫೆಮ್ಟೋಮೀಟರ್ ಅಂದಿತು (ಮೀಟರನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಫೆಮ್ಟೋಮೀಟರ್). ಎಣಿಸಿದ್ದಕ್ಕಿಂತ ದಪ್ಪ. ಅದೇ ವಿಧಾನದಲ್ಲಿ ಕ್ಯಾಲ್ಸಿಯಂ ಅಳೆದರೆ ಪದರ ತೆಳು ಬಂತು. ಎರಡಕ್ಕೂ ಹೊಂದುವ ಒಂದು ಲೆಕ್ಕ ಕೊಡಲು ಸಿದ್ಧಾಂತದವರು ಹೆಣಗಾಡುತ್ತಿದ್ದಾರೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಏಳುತ್ತಿರುವ ಫೇರ್ ವೇಗವರ್ಧಕದಲ್ಲಿ ಬೀಜಗಳನ್ನು ಒಂದಕ್ಕೊಂದು ಬಡಿದು, ನಕ್ಷತ್ರದ ಒಳಗಿನಷ್ಟು ಒತ್ತಾದ ದ್ರವ್ಯವನ್ನು ಕ್ಷಣಕಾಲ ಸೃಷ್ಟಿಸುವ ಯೋಜನೆ ಇದೆ. ಭಾರತ ಅದರಲ್ಲಿ ಪಾಲುದಾರ.

"ತೊಂದರೆ ಇರೋದು ಎಲ್ಲಿ ಗೊತ್ತಾ? ಬೀಜದವರ ಸಭೆಗೆ ಆಕಾಶದವರು ಬರಲ್ಲ, ಅವರ ಸಭೆಗೆ ನಾವು ಹೋಗಲ್ಲ" ಅಂದಳು ಗೆಳತಿ. ಆ ಮಾತು ನನಗೆ ನಾಟಿತು. ಈ ಊರಿನಲ್ಲಿ ಒಂದು ಮೂಲೆಯಲ್ಲಿ ಎಕ್ಸ್‌ರೇ, ಇನ್ನೊಂದು ಮೂಲೆಯಲ್ಲಿ ಗುರುತ್ವ ಅಲೆ, ಊರಾಚೆ ರೇಡಿಯೋ. ಸಮೀಕರಣ ಇರುವುದು ಒಂದೇ. ನೈಸರ್ ಹೇಳಿದ ತ್ರಿಜ್ಯ, ಲೈಗೋ ಹೇಳಿದ ಉಬ್ಬು, ಜೋಡಿ ಪಲ್ಸಾರ್ ಕೊಡಲಿರುವ ಅಂಕಿ, ಸೀಸದ ಪದರ, ಇವನ್ನೆಲ್ಲಾ ಒಂದೇ ಲೆಕ್ಕದಲ್ಲಿ ಕೂರಿಸಬಲ್ಲವರು ಬೇಕು. ನನ್ನನ್ನು ಕೇಳಿದರೆ, ಹೊಸ ಟೆಲಿಸ್ಕೋಪ್‌ಗಿಂತ ಮೊದಲು ಹಣ ಹಾಕಬೇಕಾದದ್ದು ಅಂಥವರ ಮೇಲೆ. ಎರಡು ಕಡೆ ಮಾರ್ಗದರ್ಶಕರಿರುವ ಪಿಎಚ್.ಡಿ.ಗಳು ಬೇಕು. ಸಭೆಗಳಿಗೆ ಜಿಲ್ಲಾ ಕಾಲೇಜುಗಳ ಮೇಷ್ಟ್ರುಗಳನ್ನೂ ಕರೆಯಬೇಕು. ನನಗೆ ಈ ವಾರಕ್ಕೆ ರಜೆ ಸಿಗಲು ಎಷ್ಟು ಸಹಿ ಬೇಕಾಯಿತು ಅಂತ ನೆನೆದರೆ ಬೇಸರವಾಗುತ್ತದೆ.

ಮಾಹಿತಿಗಂತೂ ಬರ ಇಲ್ಲ. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್‌ನಿಂದ ಕಳಿಸಿದ ದತ್ತಾಂಶ ಬ್ಯಾಲಾಳುವಿನ ಇಸ್ರೋ ಕೇಂದ್ರದಲ್ಲಿದೆ. ತಂಡಗಳಿಗೆ ಮೀಸಲಿಟ್ಟ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲೈಗೋದ್ದೂ ಸಿಗುತ್ತದೆ, ನೈಸರ್‌ದೂ ಸಿಗುತ್ತದೆ.

ಸಂಜೆ ರೈಲಿನಲ್ಲಿ ಪುಟ್ಟಿ ತನ್ನ ಆಯ್ಕೆ ಹೇಳಿದಳು. ಪಲ್ಸಾರ್ ಟೈಮಿಂಗ್, ಅಂದರೆ ಮಿಡಿತ ತಲುಪುವ ಹೊತ್ತನ್ನು ಕರಾರುವಾಕ್ಕಾಗಿ ಅಳೆಯುವುದು, ಅದರಲ್ಲೂ ಕೆಳಗಿನ ಆವರ್ತನ. ಗೆಳತಿ ಎರಡನೇ ಮಾರ್ಗದರ್ಶಕಿಯಾಗಲು ಒಪ್ಪಿದರೆ ಸ್ಥಿತಿ ಸಮೀಕರಣದ ಭಾಗವನ್ನೂ ಸೇರಿಸಿಕೊಳ್ಳುತ್ತಾಳಂತೆ. ನನ್ನ ಮನಸ್ಸು ಎಕ್ಸ್‌ರೇ ಕಡೆ ಇತ್ತು. ಅರಸೀಕೆರೆವರೆಗೂ ಅದೇ ವಾದ ನಡೆಯಿತು. ಮುಂದಿನ ಸೆಮಿಸ್ಟರ್‌ನಲ್ಲಿ ನನ್ನ ಕಾಲೇಜಿನ ಹುಡುಗರಿಗೆ ಕ್ರ್ಯಾಬ್ ಪಲ್ಸಾರ್‌ನ ಆಸ್ಟ್ರೋಸ್ಯಾಟ್ ದತ್ತಾಂಶ ಇಳಿಸಿ, ಸುಮಾರು 33 ಮಿಲಿಸೆಕೆಂಡಿಗೊಮ್ಮೆ ತುಂಡು ಮಾಡಿ, ಒಂದರ ಮೇಲೊಂದು ಪೇರಿಸಿ ಮಿಡಿತ ತೆಗೆಯುವುದನ್ನು ಕಲಿಸುತ್ತೇನೆ. ಧಾರವಾಡದ ಸಂಶೋಧಕರು ಆನ್‌ಲೈನ್‌ನಲ್ಲಿ ಒಂದು ಗಂಟೆ ಕೊಡಲು ಒಪ್ಪಿದ್ದಾರೆ. ದಿನ ಗೊತ್ತಾದ ಮೇಲೆ ಸಾಗರ, ತೀರ್ಥಹಳ್ಳಿಯ ಕಾಲೇಜುಗಳಿಗೂ ತಿಳಿಸುತ್ತೇನೆ.